ಓದುಗರ ಪ್ರಶ್ನೆಗೆ ಉತ್ತರ: ಕಡಲ ಕಾವಲಿನ ಭಾರೀ ತೋಪುಗಳು

ಪ್ರಶ್ನೆ: ಕಳೆದ ತಿಂಗಳು ಗೆಳತಿಯರ ಜೊತೆ ಶೇರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಲು ಹೋಗಿದ್ದೆ. ಇಷ್ಟು ದೊಡ್ಡ ತೋಪು ಸಮುದ್ರದ ದಂಡೆಯಲ್ಲಿದ್ದಿದ್ದರೆ ಎಂಥ ಹಡಗನ್ನಾದರೂ ಮುಳುಗಿಸುತ್ತಿತ್ತು ಎಂದು ಒಬ್ಬ ಗೆಳತಿ ಹೇಳಿದಳು. ಇಂಥ ತೋಪುಗಳನ್ನು ಕಡಲ ಕಾವಲಿಗೆ ಬಳಸಿದ್ದುಂಟೇ? ತೋಪು ಭಾರವಾದಷ್ಟೂ ಒಳ್ಳೆಯದೇ?
– ಪದವಿ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಬಳಸಿದ್ದುಂಟು. ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹ್ಮದನಗರದ ನಿಜಾಮಶಾಹಿಗಾಗಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹುಸೇನ್ ರೂಮಿ. ‘ರೂಮಿ’ ಎಂಬುದು ಆತ ತುರ್ಕರ ನಾಡಿನ ಕಡೆಯವನೆಂಬುದನ್ನು ಸೂಚಿಸುವ ಹೆಸರು. ಅದೇ ತುರ್ಕರಿಗಾಗಿ, ಅದಕ್ಕೂ 85 ವರ್ಷ ಮೊದಲು, ಅಂದರೆ 1464ರಲ್ಲಿ, ಮುನೀರ್ ಅಲಿ ಎಂಬವನು ಕಂಚಿನ ತೋಪೊಂದನ್ನು ಹೊಯ್ದಿದ್ದ. ಮದ್ದು ತುಂಬುವ ಹಿಂಭಾಗ ಒಂದು, ಗುಂಡು ಹೊರಡುವ ಮುಂಭಾಗ ಇನ್ನೊಂದು. ಎರಡನ್ನೂ ತಿರುಪಿನ ಹಾಗೆ ತಿರುಗಿಸಿ ಜೋಡಿಸಬೇಕಿತ್ತು. ಸುಮಾರು 17 ಟನ್ ತೂಕದ ಆ ತೋಪು 63 ಸೆಂಟಿಮೀಟರ್ ಅಡ್ಡಳತೆಯ ಕಲ್ಲುಗುಂಡನ್ನು ಹಾರಿಸುತ್ತಿತ್ತು. 1807ರಲ್ಲಿ ಬ್ರಿಟಿಷ್ ನೌಕಾಪಡೆಯೊಂದು ತುರ್ಕಿಯ ಡಾರ್ಡನೆಲ್ಸ್ ಜಲಸಂಧಿಯಲ್ಲಿ ನುಗ್ಗಿದಾಗ, ಮೂರು ಶತಮಾನಗಳಷ್ಟು ಹಳೆಯದಾದ ಈ ಜಾತಿಯ ತೋಪುಗಳೇ ದಂಡೆಯಿಂದ ಕಲ್ಲು ಹಾರಿಸಿ ಹಡಗುಗಳಿಗೆ ಪೆಟ್ಟು ಕೊಟ್ಟವು, ನಾವಿಕರನ್ನು ಕೊಂದವು. 1866ರಲ್ಲಿ ಸುಲ್ತಾನ ಅಬ್ದುಲಜೀಜ್ ಆ ತೋಪನ್ನು ವಿಕ್ಟೋರಿಯಾ ರಾಣಿಗೆ ಉಡುಗೊರೆಯಾಗಿ ಕೊಟ್ಟ. ಈಗ ಅದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಳಿಯ ಫೋರ್ಟ್ ನೆಲ್ಸನ್ ಎಂಬ ಕೋಟೆಯಲ್ಲಿದೆ.

ನಮ್ಮ ತೋಪು ಇದರ ಮೂರು ಪಟ್ಟಿಗೂ ಹೆಚ್ಚು, ಅಂದರೆ ಸುಮಾರು 55 ಟನ್ ತೂಗುತ್ತದೆ. ಆದರೆ ಡಾರ್ಡನೆಲ್ಸ್‌ನ ತೋಪಿಗೆ ಹಡಗು ಸಿಕ್ಕಿದ್ದು ತೂಕದ ಬಲದಿಂದಲ್ಲ. ಆ ಜಲಸಂಧಿ ಅತಿ ಕಿರಿದಾದಲ್ಲಿ ಒಂದೂಕಾಲು ಕಿಲೋಮೀಟರ್‌ನಷ್ಟೇ ಅಗಲವಿದೆ. ಬೇರೆ ದಾರಿಯಿಲ್ಲದ ಹಡಗು ತಾನಾಗಿಯೇ ತೋಪಿನ ಬಾಯಿಯ ಮುಂದೆ ಹಾದುಹೋಗಬೇಕು. ಅತ್ತಿತ್ತ ಸರಿಸಲಾಗದ, ಒಮ್ಮೆ ಹಾರಿಸಿದರೆ ಮತ್ತೆ ತುಂಬಲು ಬಹಳ ಹೊತ್ತು ಬೇಡುವ ತೋಪನ್ನು ಬಯಲು ಕಡಲಿನ ಎದುರು ಇಟ್ಟರೆ ಅದು ಬರೀ ಸದ್ದು ಮಾಡೀತು. ನಿಮ್ಮ ಗೆಳತಿಗೆ ಇಷ್ಟನ್ನು ಹೇಳಿ.

ಕಟ್ಟಿಗೆಯ ಹಡಗುಗಳಿದ್ದಷ್ಟು ಕಾಲ ದಂಡೆಯ ತೋಪಿಗೆ ಮೇಲುಗೈ ಇತ್ತು. ಕೋಟೆ ಅಲುಗಾಡುವುದಿಲ್ಲ, ಮುಳುಗುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಕೋಟೆಯೊಳಗೆ ಕುಲುಮೆ ಹೂಡಿ ಕಬ್ಬಿಣದ ಗುಂಡನ್ನು ಕೆಂಪಗೆ ಕಾಯಿಸಬಹುದು. ಮದ್ದಿನ ಮೇಲೆ ಒದ್ದೆ ಬಿರಡೆಯನ್ನು ಜಡಿದು, ಅದರ ಮೇಲೆ ಈ ಕೆಂಡದ ಗುಂಡನ್ನು ಉರುಳಿಸಿ ಕೂಡಲೇ ಹಾರಿಸುತ್ತಿದ್ದರು. ಗುಂಡು ಹಡಗಿನ ಹಲಗೆಯಲ್ಲಿ ನಾಟಿ, ಒಳಗೊಳಗೇ ಹೊಗೆಯಾಡಿ, ಕೆಲವು ಗಂಟೆಗಳ ಬಳಿಕ ಹತ್ತಿಕೊಳ್ಳುತ್ತಿತ್ತು. ಬ್ರಿಟಿಷರ ವಶದಲ್ಲಿದ್ದ ಜಿಬ್ರಾಲ್ಟರ್ ಕೋಟೆಯ ಮುತ್ತಿಗೆಯಲ್ಲಿ, 1782ರ ಸೆಪ್ಟೆಂಬರ್ 13ರಂದು, ಸ್ಪೇನ್ ಮತ್ತು ಫ್ರಾನ್ಸ್‌ನವರು ದಪ್ಪ ಹಲಗೆ ಹೊದಿಸಿ ತಂದಿದ್ದ 10 ತೇಲುವ ಕೋಟೆಗಳು ಹೀಗೆಯೇ ಹಾಳಾದವು.

ಆಟ ತಿರುಗಿದ್ದು 19ನೇ ಶತಮಾನದ ನಡುವಿನಲ್ಲಿ. 1855ರ ಅಕ್ಟೋಬರ್ 17ರಂದು ಕಪ್ಪು ಸಮುದ್ರದ ಕಿನ್‌ಬರ್ನ್ ಕೋಟೆಯ ಎದುರು ಫ್ರಾನ್ಸಿನ ಮೂರು ಕಬ್ಬಿಣ ಹೊದ್ದ ತೇಲುತೋಪುಗಳು ಬಂದು ನಿಂತಾಗ, ರಷ್ಯನ್ನರ ಗುಂಡುಗಳು ಬಡಿದು ಬಡಿದು ಪುಟಿದು ಬಿದ್ದವು. ಏಳು ವರ್ಷದ ನಂತರ ಅಮೆರಿಕದ ಅಂತರ್ಯುದ್ಧದಲ್ಲಿ ಕೋಟೆಯ ತೋಪಿನ ಹಾಗೆ ಅದರ ಗೋಡೆಯೂ ಸೋತಿತು. ನಳಿಗೆಯ ಒಳಮೈಗೆ ಸುರುಳಿಯಾಗಿ ಗೀರು ತೆಗೆದ ಹೊಸ ತೋಪುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ಕಳಿಸುತ್ತಿದ್ದವು. ಅವು ಒಂದೂವರೆ ಕಿಲೋಮೀಟರ್‌ಗೂ ಹೆಚ್ಚು ದೂರದಿಂದ ಫೋರ್ಟ್ ಪುಲಾಸ್ಕಿಯ ಏಳೂವರೆ ಅಡಿ ದಪ್ಪದ ಇಟ್ಟಿಗೆ ಗೋಡೆಯನ್ನು ಒಡೆದವು. 1862ರ ಏಪ್ರಿಲ್‌ನಲ್ಲಿ ಆ ಕೋಟೆ ಸುಮಾರು 30 ಗಂಟೆಗಳಲ್ಲಿ ಶರಣಾಯಿತು. ಅಲ್ಲಿಂದ ಮುಂದೆ ಹಡಗಿನವರು ಕಬ್ಬಿಣವನ್ನು ದಪ್ಪ ಮಾಡುತ್ತ, ದಂಡೆಯವರು ತೋಪನ್ನು ದೊಡ್ಡದು ಮಾಡುತ್ತ ಹೋದರು.

ಈ ಪೈಪೋಟಿಯ ತುದಿಯೆಂದರೆ ಮಾಲ್ಟಾ ಮತ್ತು ಜಿಬ್ರಾಲ್ಟರ್‌ಗಳಲ್ಲಿ 1880ರ ದಶಕದಲ್ಲಿ ಕೂರಿಸಿದ ‘ನೂರು ಟನ್ ತೋಪು’. ಇಟಲಿಯು ತನ್ನ ದುಯಿಲಿಯೊ ಎಂಬ ಯುದ್ಧನೌಕೆಗೆ ಇಂಗ್ಲೆಂಡಿನ ಆರ್ಮ್‌ಸ್ಟ್ರಾಂಗ್ ಕಾರ್ಖಾನೆಯಿಂದ 45 ಸೆಂಟಿಮೀಟರ್ ಬಾಯಿಯ ತೋಪುಗಳನ್ನು ತರಿಸಿತು. ಗಾಬರಿಗೊಂಡ ಬ್ರಿಟನ್ ಅದೇ ಕಾರ್ಖಾನೆಯಿಂದ ಅದೇ ಅಳತೆಯ ತೋಪುಗಳನ್ನು ತರಿಸಿ ದಂಡೆಯಲ್ಲಿಟ್ಟಿತು. ವ್ಯಾಪಾರಿಗೆ ಎರಡು ಕಡೆಯವರೂ ಗಿರಾಕಿಗಳೇ. ಸುಮಾರು 900 ಕಿಲೋ ತೂಕದ ಗುಂಡನ್ನು ಮನುಷ್ಯರು ಎತ್ತಿ ತುಂಬುವಂತಿರಲಿಲ್ಲ. ಹೀಗಾಗಿ ಉಗಿಯಂತ್ರದಿಂದ ನೀರಿನ ಒತ್ತಡ ಕೂಡಿಟ್ಟು, ಆ ಒತ್ತಡದಿಂದ ತೋಪನ್ನು ಪಕ್ಕಕ್ಕೆ ತಿರುಗಿಸಿ, ಅದರ ಮೂತಿಯನ್ನು ಕೆಳಗೆ ಬಾಗಿಸಿ ಒಂದು ಕೋಣೆಯ ಕಿಂಡಿಗೆ ಹೊಂದಿಸುತ್ತಿದ್ದರು. ನಳಿಗೆಯೊಳಗೆ ನೀರು ಚಿಮ್ಮಿ ಕಿಡಿಗಳನ್ನು ಆರಿಸಿದ ಮೇಲೆ, ಯಂತ್ರದ ಉದ್ದನೆಯ ಕೋಲು ಮೊದಲು ಮದ್ದನ್ನೂ ಆಮೇಲೆ ಗುಂಡನ್ನೂ ಒಳಗೆ ತಳ್ಳುತ್ತಿತ್ತು. ಆರು ನಿಮಿಷಕ್ಕೆ ಒಂದು ಗುಂಡು ಹಾರಿಸಿದರೆ ಹೆಚ್ಚು. ಶತ್ರುವಿನ ಮೇಲೆ ಅದು ಒಮ್ಮೆಯೂ ಹಾರಲಿಲ್ಲ. ಹಿಂಭಾಗದಿಂದಲೇ ತುಂಬುವ, ಬೇಗ ಬೇಗ ಹಾರುವ, ಇದಕ್ಕಿಂತ ಹಗುರವಾದ ತೋಪುಗಳು ಬಂದು ಇಪ್ಪತ್ತೇ ವರ್ಷಗಳಲ್ಲಿ ಇದನ್ನು ಹಳತು ಮಾಡಿದವು.

ಭಾರಕ್ಕಿಂತ ಜಾಗ ಮುಖ್ಯ ಎಂಬುದಕ್ಕೆ ನಾರ್ವೆಯ ಆಸ್ಕರ್ಸ್‌ಬೋರ್ಗ್ ಕೋಟೆಯನ್ನು ನೋಡಬೇಕು. 1940ರ ಏಪ್ರಿಲ್ 9ರ ನಸುಕಿನಲ್ಲಿ ಜರ್ಮನಿಯ ಹೊಚ್ಚಹೊಸ ಬ್ಲೂಷರ್ ನೌಕೆ ಓಸ್ಲೋ ನಗರದ ದಾರಿಯಲ್ಲಿರುವ ಕಿರಿದಾದ ಕಡಲಕವಲಿನೊಳಗೆ ಬಂತು. ಕೋಟೆಯಲ್ಲಿದ್ದುದು ಸುಮಾರು ಐದು ದಶಕ ಹಿಂದಿನ ಕ್ರುಪ್ ಕಾರ್ಖಾನೆಯ 28 ಸೆಂಟಿಮೀಟರ್ ತೋಪುಗಳು. ಸಿಬ್ಬಂದಿಯಲ್ಲಿ ಬಹಳಷ್ಟು ಜನ ಆಗಷ್ಟೇ ಸೇರಿದ ಹುಡುಗರು. ಕಮಾಂಡರ್ ಬಿರ್ಗರ್ ಎರಿಕ್ಸೆನ್ ಎರಡು ತೋಪುಗಳಿಂದ ಒಂದೊಂದೇ ಗುಂಡು ಹಾರಿಸಿದ. ಮತ್ತೆ ತುಂಬುವಷ್ಟು ಜನವಾಗಲೀ ಹೊತ್ತಾಗಲೀ ಇರಲಿಲ್ಲ. ಎರಡು ಕಿಲೋಮೀಟರ್‌ಗೂ ಕಡಿಮೆ ದೂರದಿಂದ ಬಂದ ಆ ಎರಡು ಗುಂಡುಗಳೂ ತಗುಲಿದವು, ಬೆನ್ನಿಗೇ ದಂಡೆಯಿಂದ ಬಿಟ್ಟ ಹಳೆಯ ಟಾರ್ಪೆಡೊಗಳೂ ತಗುಲಿ ನೌಕೆ ಮುಳುಗಿತು. ಓಸ್ಲೋ ಬೀಳುವುದು ಕೆಲವು ಗಂಟೆ ತಡವಾಗಿ, ರಾಜನೂ ಸರ್ಕಾರವೂ ಖಜಾನೆಯ ಚಿನ್ನವೂ ಊರು ಬಿಟ್ಟು ಪಾರಾದವು.

ಪ್ರಶ್ನೆ: ರಾಡಾರ್ ಇಲ್ಲದ ಕಾಲದಲ್ಲಿ, ನೀರಿನ ಮೇಲೆ ಚಲಿಸುವ ಹಡಗು ಎಷ್ಟು ದೂರದಲ್ಲಿದೆ ಎಂಬುದನ್ನು ತೋಪಿನವರು ಹೇಗೆ ತಿಳಿಯುತ್ತಿದ್ದರು? ಕಣ್ಣಂದಾಜೇ?
– ನಿವೃತ್ತ ಗಣಿತ ಶಿಕ್ಷಕರು, ಜಮಖಂಡಿ

ಉತ್ತರ: ಬಹುಕಾಲ ಕಣ್ಣಂದಾಜೇ ಆಗಿತ್ತು. ಗುಂಡು ಎಲ್ಲಿ ನೀರು ಚಿಮ್ಮಿತೆಂದು ನೋಡಿ ಮುಂದಿನದನ್ನು ತಿದ್ದಿಕೊಳ್ಳುತ್ತಿದ್ದರು. 19ನೇ ಶತಮಾನದ ಕೊನೆಯ ಭಾಗದಲ್ಲಿ ವಾಟ್ಕಿನ್ ಎಂಬ ಬ್ರಿಟಿಷ್ ಫಿರಂಗಿದಳದ ಅಧಿಕಾರಿ ರೂಪಿಸಿದ ದೂರಮಾಪಕ ಬಂದ ಮೇಲೆ ಇದು ಲೆಕ್ಕದ ಕೆಲಸವಾಯಿತು. ನೀವು ತರಗತಿಯಲ್ಲಿ ಎಷ್ಟೋ ಸಲ ಬಿಡಿಸಿರಬಹುದಾದ ಅವನತ ಕೋನದ ಲೆಕ್ಕವೇ ಅದು.

ವಿಜಯಪುರದ ಉಪ್ಲಿ ಬುರುಜನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. 1584ರಲ್ಲಿ ಕಟ್ಟಿದ ಆ ಬುರುಜು ಸುಮಾರು 80 ಅಡಿ, ಅಂದರೆ 24 ಮೀಟರ್ ಎತ್ತರವಿದೆ. ಅದರ ಬುಡದಿಂದಲೇ ಸಮುದ್ರ ಹರಡಿದೆ ಎಂದು ಭಾವಿಸಿ, ಮೇಲೆ ನಿಂತು ದುರ್ಬೀನಿನ ಗೆರೆಯನ್ನು ಹಡಗು ನೀರನ್ನು ಮುಟ್ಟುವ ಅಂಚಿಗೆ ಹೊಂದಿಸಬೇಕು. ದುರ್ಬೀನು ಒಂದು ಡಿಗ್ರಿ ಕೆಳಕ್ಕೆ ಬಾಗಿದ್ದರೆ ಹಡಗು 1,375 ಮೀಟರ್ ದೂರದಲ್ಲಿದೆ. ಅರ್ಧ ಡಿಗ್ರಿ ಬಾಗಿದ್ದರೆ 2,750 ಮೀಟರ್. ಎತ್ತರ ಗೊತ್ತು, ಕೋನ ಗೊತ್ತು, ಉಳಿದದ್ದನ್ನು ಟ್ಯಾನ್ ಕೋಷ್ಟಕ ಹೇಳುತ್ತದೆ. ಯಂತ್ರದಲ್ಲಿ ಕೋಷ್ಟಕವೂ ಬೇಕಿರಲಿಲ್ಲ, ದೂರವನ್ನೇ ಫಲಕದ ಮೇಲೆ ಓದಬಹುದಾಗಿತ್ತು.

ಆದರೆ 2,750 ಮೀಟರ್ ದೂರದಲ್ಲಿ ಕೋನ ಬರೀ ಒಂದು ಮಿನಿಟು, ಎಂದರೆ ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ ತಪ್ಪಿದರೂ ನಮ್ಮ ಬುರುಜಿನ ಮೇಲಿನವನ ಲೆಕ್ಕ ಸುಮಾರು 90 ಮೀಟರ್ ತಪ್ಪುತ್ತದೆ. ಅದೇ ಮನುಷ್ಯ 100 ಮೀಟರ್ ಎತ್ತರದ ಗುಡ್ಡದ ಮೇಲಿದ್ದರೆ ಅಷ್ಟೇ ತಪ್ಪಿಗೆ ವ್ಯತ್ಯಾಸ 22 ಮೀಟರ್ ಮಾತ್ರ. ಕಡಲ ತೋಪುಗಳ ನೆಲೆಗಳನ್ನು, ಅಥವಾ ಕಡೇಪಕ್ಷ ಅವುಗಳ ವೀಕ್ಷಣಾ ಠಾಣೆಗಳನ್ನು, ಎತ್ತರದ ಗುಡ್ಡಗಳಲ್ಲಿ ಹುಡುಕುತ್ತಿದ್ದುದಕ್ಕೆ ಇದು ದೊಡ್ಡ ಕಾರಣ. ಭರತ ಇಳಿತಗಳಿಂದ ಸಮುದ್ರದ ಮಟ್ಟ ಏರಿಳಿಯುವುದರಿಂದ ‘ಎತ್ತರ’ವೂ ಹೊತ್ತುಹೊತ್ತಿಗೆ ಬದಲಾಗುತ್ತದೆ, ಅದನ್ನೂ ಯಂತ್ರದಲ್ಲಿ ಸರಿಪಡಿಸಿಕೊಳ್ಳಬೇಕಿತ್ತು.

ದಂಡೆ ತಗ್ಗಾಗಿರುವಲ್ಲಿ ಬೇರೆ ಉಪಾಯವಿತ್ತು. ಅಮೆರಿಕದವರು ದಂಡೆಗುಂಟ ಸಾಕಷ್ಟು ದೂರದಲ್ಲಿ ಎರಡು ಠಾಣೆಗಳನ್ನು ಕಟ್ಟಿ, ಗೊತ್ತಾದ ಅಂತರಕ್ಕೊಮ್ಮೆ ಗಂಟೆ ಬಾರಿಸುತ್ತಿದ್ದರು. ಗಂಟೆ ಬಾರಿಸಿದ ಗಳಿಗೆಯಲ್ಲೇ ಎರಡೂ ಠಾಣೆಯವರು ಹಡಗಿನ ದಿಕ್ಕನ್ನು ಓದಿ ಟೆಲಿಫೋನಿನಲ್ಲಿ ಹೇಳಬೇಕು. ನಡುವಿನ ಕೋಣೆಯವರು ಎರಡು ಗೆರೆಗಳು ಕೂಡುವ ಚುಕ್ಕೆಯನ್ನು ನಕ್ಷೆಯ ಮೇಲೆ ಗುರುತಿಸಬೇಕು. ಹಡಗು ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದ್ದರೆ, ಗುಂಡು ಗಾಳಿಯಲ್ಲಿರುವ 20 ಸೆಕೆಂಡುಗಳಲ್ಲಿ ಅದು 100 ಮೀಟರ್ ಮುಂದೆ ಹೋಗಿರುತ್ತದೆ. ಆದ್ದರಿಂದ ನಾಲ್ಕಾರು ಚುಕ್ಕೆಗಳು ಬಿದ್ದ ಮೇಲೆ ಆ ಸಾಲನ್ನು ಮುಂದಕ್ಕೆ ಎಳೆದು, ಹಡಗು ಇರುವ ಜಾಗಕ್ಕಲ್ಲ, ಬರಲಿರುವ ಜಾಗಕ್ಕೆ ಗುರಿ ಹಿಡಿಯುತ್ತಿದ್ದರು. ತೋಪಿನ ಬಳಿ ನಿಂತವರು ಎಷ್ಟೋ ಸಲ ಹಡಗನ್ನು ನೋಡುತ್ತಲೇ ಇರಲಿಲ್ಲ. ಅವರಿಗೆ ಬರುತ್ತಿದ್ದುದು ಎರಡು ಅಂಕಿಗಳು ಮಾತ್ರ.

ಪ್ರಶ್ನೆ: ಸಿಂಗಾಪುರದ ದೊಡ್ಡ ತೋಪುಗಳು ಸಮುದ್ರದ ಕಡೆಗೇ ಮುಖ ಮಾಡಿದ್ದರಿಂದ, ನೆಲದ ಕಡೆಯಿಂದ ಬಂದ ಜಪಾನೀಯರ ಎದುರು ಕೆಲಸಕ್ಕೆ ಬರಲಿಲ್ಲ ಎಂದು ಸೇನೆಯಲ್ಲಿದ್ದಾಗ ಕೇಳಿದ್ದೆ. ಇದು ನಿಜವೇ?
– ಮಾಜಿ ಸೈನಿಕರು, ಬೆಳಗಾವಿ

ಉತ್ತರ: ಅರ್ಧ ನಿಜ. ಸಿಂಗಾಪುರದಲ್ಲಿ 15 ಇಂಚಿನ ಐದು ತೋಪುಗಳಿದ್ದವು: ಚಾಂಗಿಯ ಕಡೆಯ ಜೋಹೋರ್ ಬ್ಯಾಟರಿ ಎಂಬ ತೋಪಿನ ನೆಲೆಯಲ್ಲಿ ಮೂರು, ಪಶ್ಚಿಮದ ಬ್ಯೂನಾ ವಿಸ್ಟಾದಲ್ಲಿ ಎರಡು. ಅವುಗಳಲ್ಲಿ ಕೆಲವನ್ನು ನೆಲದತ್ತ ತಿರುಗಿಸಬಹುದಾಗಿತ್ತು, ತಿರುಗಿಸಿ ಹಾರಿಸಿದ್ದೂ ಉಂಟು. ತೊಡಕು ಗುಂಡಿನಲ್ಲಿತ್ತು. ಸಂಗ್ರಹದಲ್ಲಿದ್ದುದು ಯುದ್ಧನೌಕೆಯ ಉಕ್ಕನ್ನು ತೂರಿ ಒಳಗೆ ಸಿಡಿಯುವ ಗುಂಡುಗಳು. ಅವು ಮೆತ್ತನೆಯ ಮಣ್ಣಿನಲ್ಲಿ ಆಳಕ್ಕೆ ಹೂತು ಸಿಡಿದರೆ ಹತ್ತಿರದಲ್ಲೇ ಇದ್ದ ಕಾಲಾಳುಗಳಿಗೂ ಅಷ್ಟಾಗಿ ಅಪಾಯವಾಗದು. 1941ರ ಡಿಸೆಂಬರ್‌ನಲ್ಲಿ ಮಲಯದ ಉತ್ತರದಲ್ಲಿ ಇಳಿದ ಜಪಾನೀಯರು ಇಡೀ ಪರ್ಯಾಯದ್ವೀಪವನ್ನು ನೆಲದ ಮೇಲೆಯೇ ದಾಟಿ ಬಂದರು, 1942ರ ಫೆಬ್ರುವರಿ 15ರಂದು ಸಿಂಗಾಪುರ ಶರಣಾಯಿತು. ದಿಕ್ಕು ತಪ್ಪಿದ ತೋಪುಗಳ ಕಥೆ ಹೇಳಲು ಸುಲಭ, ನಗಲೂ ಸುಲಭ, ಹೀಗಾಗಿ ಉಳಿದುಕೊಂಡಿತು. ವಿಮಾನಗಳ ಮತ್ತು ಸೈನಿಕ ಯೋಜನೆಯ ಕೊರತೆಯ ಕಥೆ ಅಷ್ಟು ಚುಟುಕಾಗಿ ಹೇಳಲು ಬರುವುದಿಲ್ಲ.

ಇದೇ ಜಪಾನೀಯರು 1904ರಲ್ಲಿ ಕಡಲ ತೋಪನ್ನು ನೆಲಕ್ಕೆ ತಂದು ಗೆದ್ದವರು. ರಷ್ಯನ್ನರ ಹಿಡಿತದಲ್ಲಿದ್ದ ಪೋರ್ಟ್ ಆರ್ಥರ್ ಬಂದರಿನ ಮುತ್ತಿಗೆಯಲ್ಲಿ ಮಾಮೂಲಿ ತೋಪುಗಳು ಸಾಲದಾದಾಗ, ತಮ್ಮ ದೇಶದ ದಂಡೆಯ ಕಾವಲಿಗಿದ್ದ 28 ಸೆಂಟಿಮೀಟರ್ ಹೊವಿಟ್ಜರ್‌ಗಳನ್ನು ಕಿತ್ತು, ಹಡಗಿನಲ್ಲಿ ಸಾಗಿಸಿ, ಕಾಂಕ್ರೀಟ್ ನೆಲೆಗಟ್ಟು ಹಾಕಿ ಕೂರಿಸಿದರು. ಡಿಸೆಂಬರ್ 5ರಂದು 203 ಮೀಟರ್ ಗುಡ್ಡ ಕೈಸೇರಿದ ಮೇಲೆ, ಅದರ ನೆತ್ತಿಯಿಂದ ಗುರಿ ಹೇಳಿಸಿಕೊಂಡು ಬಂದರಿನೊಳಗೆ ನಿಂತಿದ್ದ ರಷ್ಯನ್ ನೌಕೆಗಳನ್ನು ಒಂದೊಂದಾಗಿ ಮುಳುಗಿಸಿದರು. ಹೊವಿಟ್ಜರಿನ ಗುಂಡು ಎತ್ತರಕ್ಕೆ ಏರಿ ನೆತ್ತಿಯ ಮೇಲೆ ಬೀಳುತ್ತದೆ. ನೌಕೆಯ ಪಕ್ಕಗಳಿಗೆ ದಪ್ಪ ಉಕ್ಕಿದ್ದರೂ ಮೇಲಿನ ಅಟ್ಟಕ್ಕೆ ಅಷ್ಟಿರುವುದಿಲ್ಲ.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥ ತೋಪುಗಳು ಎಲ್ಲಿ ನೋಡಸಿಗುತ್ತವೆ?
– ಓದುಗರು, ಇಳಕಲ್ಲ

ಉತ್ತರ: ಮಂಗಳೂರಿನ ಬೋಳೂರಿನಲ್ಲಿರುವ ಸುಲ್ತಾನ್ ಬತ್ತೇರಿಯಿಂದ ಆರಂಭಿಸಬಹುದು. ಹೊಳೆಯೊಳಗೆ ಯುದ್ಧನೌಕೆಗಳು ನುಸುಳದಂತೆ ಕಾಯಲು ಟಿಪ್ಪು ಸುಲ್ತಾನ 1784ರಲ್ಲಿ ಕಟ್ಟಿಸಿದ ಕಪ್ಪುಕಲ್ಲಿನ ಠಾಣೆಯದು. ‘ಬ್ಯಾಟರಿ’ ಎಂಬ ಇಂಗ್ಲಿಷ್ ಪದ ಕನ್ನಡದ ಬಾಯಲ್ಲಿ ‘ಬತ್ತೇರಿ’ಯಾಗಿದೆ. ಕೊಂಕಣದ ಜಂಜೀರಾ ದ್ವೀಪಕೋಟೆಯ ಸಿದ್ದಿಗಳು ಕೆಲಕಾಲ ವಿಜಯಪುರದ ಆದಿಲ್‌ಶಾಹಿಗೆ ಅಧೀನರಾಗಿದ್ದರು. ಅಲ್ಲಿನ ಕಲಾಲ್ ಬಾಂಗಡಿ ತೋಪು ಇಂದಿಗೂ ಕಡಲಿಗೆ ಮುಖ ಮಾಡಿ ಕೂತಿದೆ.

ಬ್ರಿಟಿಷರ ಕಾಲದಲ್ಲಿ ಮದ್ರಾಸಿನ ದಂಡೆಯ ತೋಪುಗಳಿಗೆ ಒಮ್ಮೆ ಕೆಲಸ ಬಿದ್ದಿತ್ತು. 1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಎಂಡೆನ್ ನೌಕೆ ಅಲ್ಲಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿಯಿಟ್ಟಾಗ ಅವು ಮರುಗುಂಡು ಹಾರಿಸಿದವು, ಒಂದೂ ತಗುಲಲಿಲ್ಲ. ಬ್ರಿಟನ್ 1956ರಲ್ಲಿ ತನ್ನ ಕಡಲ ತೋಪುದಳವನ್ನೇ ಮುಚ್ಚಿತು. ಈಗ ಆ ಕೆಲಸ ಲಾರಿಗಳ ಮೇಲೆ ಸಾಗುವ ಕ್ಷಿಪಣಿಗಳದು. ನಮ್ಮ ನೌಕಾಪಡೆಯೂ ಬ್ರಹ್ಮೋಸ್ ಕ್ಷಿಪಣಿಯ ಇಂಥ ಸಂಚಾರಿ ಬ್ಯಾಟರಿಗಳಿಗೆ 2023ರಲ್ಲಿ ಒಪ್ಪಂದ ಮಾಡಿಕೊಂಡಿದೆ.

ಮುಂಬಯಿಗೆ ಹೋದರೆ ಘಾರಾಪುರಿಯ (ಎಲಿಫೆಂಟಾ) ಗುಹೆಗಳನ್ನು ನೋಡಿದ ಮೇಲೆ ದೋಣಿಗೆ ಅವಸರ ಮಾಡದೆ ಗುಡ್ಡವನ್ನೂ ಹತ್ತಿರಿ. ಬಂದರಿನ ಕಾವಲಿಗೆಂದು ಬ್ರಿಟಿಷರು ಕೂರಿಸಿದ ಎರಡು ಭಾರೀ ತೋಪುಗಳು ಅಲ್ಲೇ ಉಳಿದಿವೆ. ನೀರಿನ ಬಾಟಲಿ ಜೊತೆಗಿರಲಿ.