ಈಜುಕೊಳ ಉಚಿತ ಮಾಡಿದರೆ ಊರಿನವರು ನೀರಿಗೆ ಇಳಿಯುತ್ತಾರಾ?

ಪ್ರಶ್ನೆ: ನಮ್ಮದು ಒಂದು ಜಿಲ್ಲಾ ಕೇಂದ್ರ. ಸರ್ಕಾರಿ ಈಜುಕೊಳ ಇದೆ, ಆದರೆ ಬೆಳಗ್ಗೆ ಹೋದರೆ ದಿನಾ ಅವೇ ಮೂವತ್ತು ನಲವತ್ತು ಮುಖಗಳು. ಮಕ್ಕಳಿಗೂ ಹಿರಿಯರಿಗೂ ಪ್ರವೇಶ ಉಚಿತ ಮಾಡಿ ಅಂತ ಬಡಾವಣೆಯವರೆಲ್ಲ ಸೇರಿ ಮನವಿ ಕೊಡಬೇಕೆಂದಿದ್ದೇವೆ. "ಇಂಗ್ಲೆಂಡಿನಲ್ಲಿ ಹೀಗೇ ಮಾಡಿ ಕೈಬಿಟ್ಟರು, ಪ್ರಯೋಜನ ಇಲ್ಲ" ಅಂತ ಒಬ್ಬರು ಹೇಳಿದರು. ನಿಜವೇ? ಉಚಿತ ಮಾಡಿದರೆ ಊರಿನಲ್ಲಿ ಆಟೋಟ ಜಾಸ್ತಿಯಾಗುತ್ತದೆಯೇ?

ಉತ್ತರ: ಅವರು ಹೇಳಿದ್ದು ನಿಜ, ಆದರೆ ಅರ್ಧ ಕಥೆ. ಉಳಿದರ್ಧ ಅದೇ ದೇಶದ ಇನ್ನೊಂದು ಊರಿನಲ್ಲಿ ನಡೆದಿದೆ. ನಿಮ್ಮ ಮನವಿಗೆ ಜಾಸ್ತಿ ಕೆಲಸಕ್ಕೆ ಬರುವುದು ಅದು.

ಮೊದಲು ಕೈಬಿಟ್ಟ ಕಥೆ ನೋಡೋಣ. 2012ರ ಒಲಿಂಪಿಕ್ಸ್ ಲಂಡನ್ನಿಗೆ ಸಿಕ್ಕಿತ್ತಲ್ಲ, ಅದರ ಹುರುಪಿನಲ್ಲಿ ಇನ್ನೂ 20 ಲಕ್ಷ ಜನ ಮೈ ಬಗ್ಗಿಸಿ ಆಡುವಂತಾಗಬೇಕು ಅಂತ ಬ್ರಿಟನ್ ಸರ್ಕಾರ ಗುರಿ ಇಟ್ಟುಕೊಂಡಿತು. 2008ರಲ್ಲಿ ಉಚಿತ ಈಜು ಯೋಜನೆ ಘೋಷಣೆಯಾಯಿತು. ಅದಕ್ಕೆ ಎತ್ತಿಟ್ಟ ಹಣ 14 ಕೋಟಿ ಪೌಂಡ್. 2009ರ ಏಪ್ರಿಲ್ 1ರಿಂದ 16 ವರ್ಷದವರೆಗಿನ ಮಕ್ಕಳು, 60 ದಾಟಿದ ಹಿರಿಯರು ಇಂಗ್ಲೆಂಡಿನ ಸಾರ್ವಜನಿಕ ಕೊಳಗಳಲ್ಲಿ ದುಡ್ಡು ಕೊಡದೆ ಈಜಬಹುದಿತ್ತು. ಸೇರಲೇಬೇಕು ಅಂತ ಸ್ಥಳೀಯ ಆಡಳಿತಗಳಿಗೆ ಕಡ್ಡಾಯ ಇರಲಿಲ್ಲ. ಕೆಲವು ಕಡೆ ಹಿರಿಯರಿಗೆ ಮಾತ್ರ ಕೊಟ್ಟರು, ಕೆಲವು ಕಡೆ ಇಬ್ಬರಿಗೂ ಕೊಟ್ಟರು.

ಜನ ಬಂದರು. ಮೊದಲ ವರ್ಷವೇ ಉಚಿತ ಈಜಿನ ಲೆಕ್ಕ ಕೋಟಿ ದಾಟಿತು. ಕೇಳಿದರೆ ಖುಷಿಯಾಗುತ್ತದೆ, ಅಲ್ವಾ? ಆದರೆ ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. ವಾರಕ್ಕೆ ಎರಡು ಸಲ ದುಡ್ಡು ಕೊಟ್ಟು ಈಜುತ್ತಿದ್ದ ನಿವೃತ್ತ ಮೇಷ್ಟ್ರು ಒಬ್ಬರು ಇದ್ದಾರೆ ಅಂದುಕೊಳ್ಳಿ. ಉಚಿತ ಆದ ಮೇಲೆ ಮೂರು ಸಲ ಬರುತ್ತಾರೆ. ರಿಜಿಸ್ಟರಿನಲ್ಲಿ ಮೂರು ಉಚಿತ ಈಜು ಎಂದು ಬೀಳುತ್ತದೆ. ನಿಜಕ್ಕೂ ಜಾಸ್ತಿಯಾದದ್ದು ಒಂದು. ಹೊಸಬರು ಯಾರೂ ಇಲ್ಲ. ಇನ್ನೊಬ್ಬ ಹುಡುಗ ಸಂಜೆಯ ಕ್ರಿಕೆಟ್ ಬಿಟ್ಟು ಕೊಳಕ್ಕೆ ಬಂದ ಅನ್ನಿ. ಕೊಳದ ಲೆಕ್ಕ ಏರಿತು, ಊರಿನ ಆಟದ ಲೆಕ್ಕ ಇದ್ದಲ್ಲೇ ಇದೆ.

ಯೋಜನೆಯನ್ನು ತೂಗಿ ನೋಡಿದವರಿಗೆ ಕಂಡದ್ದೂ ಹೆಚ್ಚುಕಡಿಮೆ ಇದೇ. ಉಚಿತವಾಗಿ ಈಜಿದವರಲ್ಲಿ ಜಾಸ್ತಿ ಜನ ಮೊದಲೇ ಈಜುತ್ತಿದ್ದವರು, ದುಡ್ಡು ಕೊಡಿ ಅಂದಿದ್ದರೂ ಕೊಟ್ಟು ಬರುತ್ತಿದ್ದವರು. 2010ರ ಜೂನ್‌ನಲ್ಲಿ ಹೊಸ ಸರ್ಕಾರ ಯೋಜನೆ ನಿಲ್ಲಿಸುವುದಾಗಿ ಹೇಳಿತು, ಜುಲೈ ಕೊನೆಗೆ ಬಾಗಿಲು ಹಾಕಿತು. ನಡೆದದ್ದು ಬರೀ 16 ತಿಂಗಳು. ಇಷ್ಟು ಬೇಗ ತೀರ್ಪು ಕೊಟ್ಟದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ನೀರು ಕಂಡರೆ ಹೆದರುವ ಅರವತ್ತು ವರ್ಷದವರು ಈಜು ಕಲಿತು, ಅದು ರೂಢಿಯಾಗಲು ಒಂದು ವರ್ಷ ಸಾಲುತ್ತದೆಯೇ? ಆದರೂ ಅಲ್ಲಿ ಸಿಕ್ಕ ಪಾಠವನ್ನು ತಳ್ಳಿಹಾಕಬೇಡಿ.

ಈಗ ಉಳಿದರ್ಧ. ಇಂಗ್ಲೆಂಡಿನ ವಾಯವ್ಯದಲ್ಲಿ ಬ್ಲ್ಯಾಕ್‌ಬರ್ನ್ ಮತ್ತು ಡಾರ್ವೆನ್ ಎಂಬ ಹಳೆಯ ಹತ್ತಿ ಗಿರಣಿ ಊರುಗಳಿವೆ. 1931ರಲ್ಲಿ ಗಾಂಧೀಜಿ ಗಿರಣಿ ಕಾರ್ಮಿಕರನ್ನು ಕಂಡು ಮಾತಾಡಲು ಹೋಗಿದ್ದರಲ್ಲ, ಅದೇ ಡಾರ್ವೆನ್. ಗಿರಣಿಗಳು ಹೋದವು, ಬಡತನ ಉಳಿಯಿತು. ಎರಡೂ ಊರಿಗೆ ಆಡಳಿತ ಒಂದೇ. ಅದು 2008ರಿಂದ ಈಜುಕೊಳವನ್ನೂ ಜಿಮ್ಮನ್ನೂ ವಯಸ್ಕರಿಗೆ ಬಹುಪಾಲು ಹೊತ್ತು ಉಚಿತ ಮಾಡಿತು. ಅಷ್ಟಕ್ಕೇ ನಿಲ್ಲಲಿಲ್ಲ. ಬಡ ಬೀದಿಗಳಿಗೆ ಹೋಗಿ, ಜನರನ್ನು ಮಾತಾಡಿಸಿ, ಜೊತೆಗೆ ಕರೆದುಕೊಂಡು ಬರುವ ಕೆಲಸವನ್ನೂ ಇಟ್ಟುಕೊಂಡಿತು.

ಅಲ್ಲಿ ಏನಾಯಿತು ಅಂತ ಸಂಶೋಧಕರು ಅಂಥದ್ದೇ ಬೇರೆ ಊರುಗಳ ಜೊತೆ ಹೋಲಿಸಿ 2018ರಲ್ಲಿ ಪ್ರಕಟಿಸಿದರು. ಕೊಳ ಮತ್ತು ಜಿಮ್ಮಿಗೆ ಬರುವುದು ಶೇ 64ರಷ್ಟು ಹೆಚ್ಚಿತ್ತು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಕೊಡುವ ಸಂಖ್ಯೆ ಮಾತ್ರ ಬೇರೆ. ಈಜು, ಜಿಮ್, ಓಟ, ಆಟ ಎಲ್ಲ ಸೇರಿಸಿ, ನಾಲ್ಕು ವಾರದಲ್ಲಿ 12 ದಿನವಾದರೂ ಅರ್ಧ ಗಂಟೆ ಬೆವರು ಹರಿಸುವವರ ಪಾಲು ಊರಿನ ಜನಸಂಖ್ಯೆಯಲ್ಲಿ 1.9 ಶೇಕಡಾ ಅಂಶ ಜಾಸ್ತಿಯಾಗಿತ್ತು. 64 ನೋಡಿದ ಕಣ್ಣಿಗೆ 1.9 ಸಣ್ಣದು ಅನ್ನಿಸಬಹುದು. ಆದರೆ ಒಂದು ಲಕ್ಷ ವಯಸ್ಕರಿರುವ ಊರಿಗೆ ಹಾಕಿ ನೋಡಿ, 1,900 ಜನ! ಅದರಲ್ಲೂ ಈ ಲಾಭ ಬಡವರಲ್ಲೇ ಹೆಚ್ಚು ಕಂಡಿತು. ನನಗೆ ತುಂಬಾ ಮುಖ್ಯ ಅನ್ನಿಸುವುದು ಅದು. ಸಾಮಾನ್ಯವಾಗಿ ಇಂಥ ಸೌಲಭ್ಯ ಮೊದಲೇ ಗಟ್ಟಿಮುಟ್ಟಾಗಿರುವವರ ಪಾಲಾಗುತ್ತದೆ.

ವೇಲ್ಸ್‌ನಲ್ಲಿ 2000ದ ದಶಕದ ಮೊದಲ ವರ್ಷಗಳಿಂದಲೇ ಉಚಿತ ಈಜು ಇತ್ತು. 2019ರಲ್ಲಿ ಅಲ್ಲೂ ಅನುದಾನ ಅರ್ಧಕ್ಕೆ ಇಳಿಸಿ, ಹಿಂದುಳಿದ ಕಡೆಯ ಮಕ್ಕಳ ಮೇಲೆ ಹೆಚ್ಚು ಗಮನ ಕೊಡಿ ಎಂದರು.

ಉಚಿತ ಮಾಡಿದರೂ ಹೊಸಬರು ಯಾಕೆ ಬರುವುದಿಲ್ಲ? ಒಂದು ಪಟ್ಟಣದ ಕೊಳದ ಬಳಿ ಕಂಡದ್ದು ಹೇಳುತ್ತೇನೆ. ಬೆಂಚಿನ ಮೇಲೆ ಒಬ್ಬ ತಾಯಿ ಮಗನ ಟವೆಲ್, ಚಪ್ಪಲಿ ಹಿಡಿದು ಕೂತಿದ್ದರು. ಬೇಸಿಗೆ ಶಿಬಿರ ಮುಗಿಯುವವರೆಗೆ ದಿನಾ ಒಂದು ಗಂಟೆ ಹಾಗೇ ಕೂರುತ್ತಿದ್ದರಂತೆ. "ನೀವೂ ಕಲಿಯಬಹುದಲ್ಲಮ್ಮ" ಅಂದೆ. "ದುಡ್ಡಿನ ಮಾತಲ್ಲ ಸರ್. ಇಷ್ಟು ಜನ ಗಂಡಸರ ಮುಂದೆ ಯಾವ ಬಟ್ಟೆ ಹಾಕಿಕೊಂಡು ಇಳಿಯಲಿ? ಕಲಿಸೋರೂ ಗಂಡಸರೇ" ಅಂದರು. ಆ ಕೊಳದ ಹೆಂಗಸರ ಬಟ್ಟೆ ಬದಲಿಸುವ ಕೋಣೆಗೆ ಚಿಲಕ ಕೂಡ ಇರಲಿಲ್ಲ. ಅಲ್ಲಿ ಟಿಕೆಟ್ ದರ ಸೊನ್ನೆ ಮಾಡಿದ್ದರೂ ಆಕೆ ಬೆಂಚಿನಲ್ಲೇ ಇರುತ್ತಿದ್ದರು. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ಸಿನ ಖರ್ಚು ಉಳಿದಿದೆ, ಅಷ್ಟು ಒಳ್ಳೆಯದಾಯಿತು. ಬಸ್ಸಿನಿಂದ ಇಳಿದ ಮೇಲಿನ ದಾರಿಯನ್ನು ಕೊಳದವರೇ ಸರಿಮಾಡಬೇಕು.

ನಾನು ಈಜು ಕಲಿತದ್ದು ತೋಟದ ಬಾವಿಯಲ್ಲಿ. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ, ಹಗ್ಗದ ತುದಿಯನ್ನು ಮೇಲೆ ಹಿಡಿದುಕೊಂಡು ಚಿಕ್ಕಪ್ಪ ನಿಲ್ಲುತ್ತಿದ್ದರು. ಬಾವಿಗೆ ಯಾವತ್ತೂ ಶುಲ್ಕ ಇರಲಿಲ್ಲ. ಆದರೂ ಚಿಕ್ಕಪ್ಪ ಕೈ ಹಿಡಿದು ಕರೆದುಕೊಂಡು ಹೋಗುವವರೆಗೆ ನಾನು ಅದರ ಮೆಟ್ಟಿಲು ಇಳಿದಿರಲಿಲ್ಲ. ನನ್ನ ಅಕ್ಕನನ್ನು ಯಾರೂ ಕರೆಯಲಿಲ್ಲ. ಅವಳಿಗೆ ಇವತ್ತಿಗೂ ಈಜು ಬರುವುದಿಲ್ಲ.

ಆದ್ದರಿಂದ ಮನವಿಯಲ್ಲಿ ಸುಮ್ನೆ "ಉಚಿತ ಪ್ರವೇಶ ಕೊಡಿ" ಎಂದಷ್ಟೇ ಬರೆಯಬೇಡಿ. ಈಜು ಬಾರದವರಿಗೆ ಉಚಿತ ಕಲಿಕೆಯ ಬ್ಯಾಚ್ ಕೇಳಿ. ಈಗ ಬರುತ್ತಿರುವ ಮೂವತ್ತು ನಲವತ್ತು ಜನ ದುಡ್ಡು ಕೊಡುತ್ತಿರಲಿ, ಅದರಿಂದ ಅವರಿಗೇನೂ ತೊಂದರೆಯಿಲ್ಲ. ಮಧ್ಯಾಹ್ನ ಕೊಳ ಖಾಲಿ ಇರುವ ಹೊತ್ತಿನಲ್ಲಿ ಹೆಂಗಸರಿಗೆ ಮಾತ್ರ ಒಂದು ಗಂಟೆ ಮೀಸಲಿಡಲಿ, ಕಲಿಸುವವರೂ ಕಾವಲಿನವರೂ ಹೆಂಗಸರೇ ಇರಲಿ. ಸರ್ಕಾರಿ ಶಾಲೆ ಮಕ್ಕಳನ್ನು ಮೇಷ್ಟ್ರ ಜೊತೆ ತಂಡ ತಂಡವಾಗಿ ಕರೆತರುವ ವ್ಯವಸ್ಥೆ ಆಗಲಿ. ಜನ ಜಾಸ್ತಿಯಾದರೆ ನೀರು ಬೇಗ ಕೊಳೆಯಾಗುತ್ತದೆ, ಜೀವರಕ್ಷಕರೂ ಜಾಸ್ತಿ ಬೇಕು. ಆ ಖರ್ಚನ್ನು ಮೊದಲೇ ಬರೆದು ತೋರಿಸಿ, ಇಲ್ಲವಾದರೆ ಮೂರೇ ತಿಂಗಳಲ್ಲಿ ಬೀಗ ಬೀಳುತ್ತದೆ.

ಇನ್ನೊಂದು ಮಾತನ್ನು ಮನವಿಯ ಮೊದಲ ಸಾಲಿನಲ್ಲೇ ಇಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ನಮ್ಮಲ್ಲಿ ಬೇಸಿಗೆ ರಜೆ ಬಂತು ಅಂದರೆ ಕೃಷಿ ಹೊಂಡ, ಕೆರೆ, ಕಾಲುವೆಗಳ ಸುದ್ದಿ ಓದಲು ಆಗುವುದಿಲ್ಲ. ಒಂದು ಮಗುವನ್ನು ಉಳಿಸಲು ಹೋಗಿ ಇನ್ನೊಂದು ಮಗುವೂ ಮುಳುಗಿರುತ್ತದೆ. ಶಾಲಾ ಮಕ್ಕಳಿಗೆ ಈಜು ಮತ್ತು ನೀರಿನ ಸುರಕ್ಷತೆ ಕಲಿಸಿ ಎಂದು ಆ ಸಂಸ್ಥೆಯೇ ಹೇಳುತ್ತದೆ. ಊರಿನ ಆಟೋಟ ಎಳ್ಳಷ್ಟೂ ಏರದಿದ್ದರೂ ಮಕ್ಕಳಿಗೆ ಉಚಿತವಾಗಿ ಈಜು ಕಲಿಸಲು ಈ ಕಾರಣ ಒಂದೇ ಸಾಕು.

ಕೊನೆಯದಾಗಿ ಆ ರಿಜಿಸ್ಟರ್. ಹೆಸರು, ವಯಸ್ಸಿನ ಪಕ್ಕದಲ್ಲಿ ಇನ್ನೆರಡು ಕಾಲಂ ಹಾಕಿಸಿ. "ಕಳೆದ ಒಂದು ವರ್ಷದಲ್ಲಿ ಈಜಿದ್ದೀರಾ?", "ವಾರದಲ್ಲಿ ಬೇರೆ ಯಾವ ಆಟ, ವ್ಯಾಯಾಮ ಮಾಡುತ್ತೀರಿ?" ಆರು ತಿಂಗಳಾದ ಮೇಲೆ ಮತ್ತೆ ಅವರನ್ನೇ ಕೇಳಿ. ಯೋಜನೆ ನಿಲ್ಲಿಸುತ್ತೇವೆ ಅಂತ ಯಾರಾದರೂ ಬಂದ ದಿನ ನೀವು ಮೊದಲು ತೆಗೆದು ತೋರಿಸಬೇಕಾದದ್ದು ಆ ಹಾಳೆಗಳನ್ನೇ.