ಸಹಿ ಹಾಕುವವರನ್ನೇ ಮೆಂಟರ್ ಮಾಡಿಕೊಳ್ಳಬೇಡಿ

ಮೆಡಿಕಲ್ ಪಿಜಿ ಎರಡನೇ ವರ್ಷ, ಕೈಕೆಳಗೆ ಇಂಟರ್ನ್‌ಗಳು ಬಂದಿದ್ದಾರೆ, ಲೀಡರ್‌ಶಿಪ್ ಕೋರ್ಸ್ ಮಾಡಲಾ ಅಥವಾ ಎಚ್‌ಒಡಿಯನ್ನೇ (ವಿಭಾಗದ ಮುಖ್ಯಸ್ಥರನ್ನೇ) ಮೆಂಟರ್ ಆಗಿ ಅಂತ ಕೇಳಲಾ ಅಂದಿದ್ದೀರಿ. ನಾನು ಎರಡನೆಯದನ್ನು ಮಾಡಿದವಳು.

ನನ್ನ ಥೀಸಿಸ್ ಗೈಡೇ ಯೂನಿಟ್ ಚೀಫ್, ಅಂದರೆ ನಮ್ಮ ತಂಡದ ಹಿರಿಯ ಡಾಕ್ಟರ್, ಅವರೇ ಮೆಂಟರ್ ಕೂಡ. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಥಿಯೇಟರಿನಲ್ಲಿ ಪಕ್ಕದಲ್ಲಿ ನಿಂತು ಕೆಲಸ ಕಲಿಸಿದವರು. ಆದರೆ ಮಾಡಿದ ಕೆಲಸ ಬರೆದಿಡುವ ಲಾಗ್‌ಬುಕ್‌ಗೆ, ಥೀಸಿಸ್‌ಗೆ ಸಹಿ ಹಾಕಬೇಕಾದವರೂ ಅವರೇ ಅಲ್ವಾ? ಎರಡು ವರ್ಷ ಅವರ ಮುಂದೆ 'ಗೊತ್ತಿಲ್ಲ ಸರ್' ಅನ್ನುವ ಮಾತು ನನ್ನ ಬಾಯಿಂದ ಬರಲೇ ಇಲ್ಲ.

ಒಂದು ರಾತ್ರಿ ಡ್ಯೂಟಿ. ಹೊಟ್ಟೆಯ ಆಪರೇಷನ್ ಆಗಿದ್ದ ಹುಡುಗ. ಒಂದು ಗಂಟೆಗೆ ಇಂಟರ್ನ್ ಕರೆದಳು. ಪಲ್ಸ್ 118, ಜಾಸ್ತಿ. ಬಿಪಿ 110/80, ಸರಿಯಾಗೇ ಇತ್ತು. ಯೂರಿನ್ ಬ್ಯಾಗಿಗೆ ಒಂದು ಗಂಟೆಯಲ್ಲಿ ಬಂದದ್ದು 15 ಎಂಎಲ್, ಅರವತ್ತು ಕೆಜಿ ಆಸಾಮಿಗೆ ಕನಿಷ್ಠ 30 ಬರಬೇಕು. "ಮೇಡಂ, ಯಾಕೋ ಸರಿ ಕಾಣ್ತಿಲ್ಲ, ಸರ್‌ಗೆ ಫೋನ್ ಮಾಡೋಣ್ವಾ?" ಅಂದಳು. ನೋವಿರುತ್ತೆ ಬಿಡು ಅಂದೆ. ನೋವಿನ ಇಂಜೆಕ್ಷನ್ ಕೊಟ್ಟು ಫ್ಲೂಯಿಡ್ ಜಾಸ್ತಿ ಓಡಿಸಿದೆ, ಪಲ್ಸ್ 108ಕ್ಕೆ ಬಂತು, ನೋಡಿದ್ಯಾ ಅನ್ನುವ ಹಾಗೆ ಅವಳ ಕಡೆ ನೋಡಿದೆ. ಮೂರು ಗಂಟೆಗೆ ಮತ್ತೆ ಬಂದಳು. ಡ್ರೈನಿನಲ್ಲಿ (ಹೊಟ್ಟೆಯೊಳಗಿನದು ಹೊರಗೆ ಬರಲಿ ಅಂತ ಇಟ್ಟ ನಳಿಗೆ) ರಕ್ತವೇ ಇಲ್ಲವಲ್ಲ ಅಂತ ಬಾಟಲಿ ಎತ್ತಿ ತೋರಿಸಿದೆ. ಅವಳು ಸುಮ್ಮನಾದಳು. ಐದೂವರೆಗೆ ಬಿಪಿ 80. ಮತ್ತೆ ಹೊಟ್ಟೆ ತೆರೆದಾಗ ಒಳಗೆಲ್ಲ ರಕ್ತ, ಡ್ರೈನ್ ಹೆಪ್ಪುಗಟ್ಟಿ ಮುಚ್ಚಿಹೋಗಿತ್ತು. ಹುಡುಗ ಬದುಕಿದ, ಎಂಟು ದಿನ ಐಸಿಯುನಲ್ಲಿದ್ದು. ನನ್ನನ್ನು ಆರು ತಿಂಗಳು ಒಬ್ಬಳನ್ನೇ ಡ್ಯೂಟಿಗೆ ಹಾಕಲಿಲ್ಲ.

ಫೋನ್ ಮಾಡದೆ ಇದ್ದದ್ದೇ ತಪ್ಪು ಅಂತ ನೀವು ಹೇಳಬಹುದು. ಹೌದು, ಆದರೆ ಯಾಕೆ ಮಾಡಲಿಲ್ಲ? ಗೊತ್ತಿಲ್ಲದೆ ಅಲ್ಲ. ವಯಸ್ಸಿನ ಹುಡುಗರಲ್ಲಿ ಶೇ 30ರಷ್ಟು ರಕ್ತ ಹೋಗುವವರೆಗೂ ಬಿಪಿ ಅಷ್ಟಾಗಿ ಇಳಿಯುವುದಿಲ್ಲ, ಮೊದಲು ಏರುವುದು ಪಲ್ಸ್, ಇದನ್ನು ನಾನೇ ಇಂಟರ್ನ್‌ಗಳಿಗೆ ಪಾಠ ಮಾಡಿದ್ದೆ. ಫೋನ್ ಕೈಯಲ್ಲಿತ್ತು, ಸರ್ ನಂಬರ್ ಸ್ಕ್ರೀನ್ ಮೇಲಿತ್ತು. ಎರಡು ದಿನ ಮೊದಲು ಯಾರದೋ ಜ್ವರಕ್ಕೆ ಎಬ್ಬಿಸಿದಾಗ "ಇಷ್ಟಕ್ಕೇನಾ?" ಅಂದಿದ್ದರು. ನಿದ್ದೆಗಣ್ಣಿನ ಮಾತು, ಅವರಿಗೆ ನೆನಪೂ ಇರಲಿಲ್ಲ. ಆದರೆ ನನ್ನ ಥೀಸಿಸ್ ಡ್ರಾಫ್ಟ್ ಅವರ ಟೇಬಲ್ ಮೇಲಿತ್ತು, ಮುಂದಿನ ವಾರ ಅವರ ಜೊತೆ ದೊಡ್ಡ ಕೇಸ್ ಸಿಗುವುದಿತ್ತು, ಹಾಗಾಗಿ ಪೇಷಂಟ್ ಹೇಗಿದ್ದಾನೆ ಅನ್ನುವುದಕ್ಕಿಂತ ಸರ್ ಏನಂದುಕೊಳ್ಳುತ್ತಾರೆ ಅನ್ನುವ ಲೆಕ್ಕವೇ ತಲೆಯಲ್ಲಿ ಓಡುತ್ತಿತ್ತು. ಫೋನನ್ನು ಏಪ್ರನ್ ಜೇಬಿಗೆ ಹಾಕಿಕೊಂಡೆ. ಬೆಳಿಗ್ಗೆ ಅವರು ಕೇಳಿದ್ದು ಒಂದೇ: "ಯಾಕಮ್ಮಾ ಫೋನ್ ಮಾಡ್ಲಿಲ್ಲ?" ಬಾಯಿ ಬಿಡಲಾಗಲಿಲ್ಲ.

ಇನ್ನು ಆ ಇಂಟರ್ನ್. ಹಿಂದಿನ ವಾರ ರೌಂಡ್ಸಿನಲ್ಲಿ ಎಲ್ಲರೆದುರು ಅವಳಿಗೆ ರೇಗಿದ್ದೆ. ಸಾರಿ ಕೇಳಿದ್ದು ನಾಲ್ಕು ತಿಂಗಳ ಮೇಲೆ. "ಮೂರನೇ ಸಲ ಹೇಳಬೇಕು ಅಂತಿದ್ದೆ ಮೇಡಂ, ಬೈತೀರಿ ಅಂತ ಸುಮ್ನಾದೆ" ಅಂದಳು.

ಆಮೇಲೆ ನನ್ನನ್ನೂ ಒಂದು ಲೀಡರ್‌ಶಿಪ್ ಕೋರ್ಸಿಗೆ ಕಳಿಸಿದರು. 1977ರಲ್ಲಿ ಸ್ಪೇನಿನ ಟೆನೆರೀಫ್ ದ್ವೀಪದಲ್ಲಾದ ವಿಮಾನ ದುರಂತದ ಕಥೆ ಹೇಳಿದರು. ಇನ್ನೊಂದು ವಿಮಾನ ರನ್‌ವೇ ಬಿಟ್ಟಿದೆಯಾ ಅಂತ ಫ್ಲೈಟ್ ಎಂಜಿನಿಯರ್ ಕೇಳಿದ, ಬಿಟ್ಟಿದೆ ಅಂತ ಕ್ಯಾಪ್ಟನ್ ಮಾತು ಮುಗಿಸಿದ, ಎರಡೂ ವಿಮಾನ ಡಿಕ್ಕಿಯಾಗಿ ಸತ್ತವರು 583 ಜನ. ಕಿರಿಯರು ಬಾಯಿಬಿಡುವ, ಹಿರಿಯರು ಕಿವಿಗೊಡುವ ತರಬೇತಿ ವಿಮಾನದವರಲ್ಲಿ ಶುರುವಾಗಿದ್ದು ಇಂಥ ಅಪಘಾತಗಳಿಂದ, ಅನಸ್ತೇಶಿಯಾದವರು (ಅರಿವಳಿಕೆ ಕೊಡುವ ಡಾಕ್ಟರ್‌ಗಳು) ಅದನ್ನು ಆಸ್ಪತ್ರೆಗೆ ತಂದರು. ಸ್ಲೈಡ್ ಮುಂದೆ ಹೋಯಿತು, ನನಗೆ ಕಾಣುತ್ತಿದ್ದದ್ದು ಮಾತ್ರ ನಾನು ಎತ್ತಿ ತೋರಿಸಿದ ಆ ಡ್ರೈನ್ ಬಾಟಲಿ. ಇದೇ ಕೋರ್ಸನ್ನು ಮೊದಲೇ ಮಾಡಿದ್ದರೆ ನೋಟ್ಸ್ ಬರೆದುಕೊಂಡು ಮರೆತಿರುತ್ತಿದ್ದೆ. ಹಾಗಾಗಿ ಕೋರ್ಸಾ ಮೆಂಟರಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಸರ್ಟಿಫಿಕೇಟ್ ಬೇಕಿದ್ದರೆ ಕೋರ್ಸ್ ಯಾವಾಗ ಬೇಕಾದರೂ ಮಾಡಿ.

ಎಚ್‌ಒಡಿ ಹತ್ತಿರ ಕೆಲಸ ಕಲಿಯಿರಿ, ಶಿಫಾರಸು ಪತ್ರ ಕೇಳಿ. ಮೆಂಟರ್ ಮಾತ್ರ ನಿಮ್ಮ ಯಾವ ಕಾಗದಕ್ಕೂ ಸಹಿ ಹಾಕದವರಾಗಿರಲಿ, ಬೇರೆ ಡಿಪಾರ್ಟ್‌ಮೆಂಟಿನವರಾದರೆ ಇನ್ನೂ ಒಳ್ಳೆಯದು. ನನ್ನ ಈಗಿನ ಮೆಂಟರ್ ಅನಸ್ತೇಶಿಯಾದವರು, ಅವರ ಹತ್ತಿರ ಅತ್ತಿದ್ದೂ ಇದೆ.

ಎಸ್‌ಬಿಎಆರ್ ಅಂತ ಒಂದು ಪದ್ಧತಿ ಇದೆ, ಅಮೆರಿಕದ ನೌಕಾಪಡೆಯ ಅಣು ಸಬ್‌ಮರೀನ್‌ಗಳಿಂದ ಬಂದದ್ದು. ಈಗ ಏನಾಗ್ತಿದೆ, ಹಿನ್ನೆಲೆ ಏನು, ನನಗೇನನ್ನಿಸ್ತಿದೆ, ಈಗ ಏನು ಆಗಬೇಕು, ಈ ನಾಲ್ಕನ್ನು ಫೋನಿನಲ್ಲಿ ಇದೇ ಕ್ರಮದಲ್ಲಿ ಹೇಳಬೇಕು. ನಾವು ನುಂಗಿಬಿಡುವುದು ಕೊನೆಯದನ್ನು. "ಸರ್, ನೀವು ಬಂದು ನೋಡಬೇಕು" ಅಂತ ಬಾಯಿಬಿಟ್ಟು ಹೇಳಿ.

ಇಂಟರ್ನ್‌ಗಳಿಗೆ ಡ್ಯೂಟಿಯ ಶುರುವಿನಲ್ಲೇ ಚೀಫ್ ನಂಬರ್ ಕೊಟ್ಟುಬಿಡಿ. "ನಿನ್ನ ಮಾತು ನಾನು ಕೇಳದೆ ಹೋದರೆ ನನ್ನನ್ನು ದಾಟಿ ಫೋನ್ ಮಾಡು" ಅನ್ನಿ. ಯಾವತ್ತೋ ಒಂದು ರಾತ್ರಿ ಸುಮ್ಸುಮ್ನೆ ಮಾಡಿಯೂ ಮಾಡುತ್ತಾರೆ, ಅವತ್ತು ಚೀಫ್ ಬೈದರೆ ಬೈಗುಳ ನೀವು ತಿನ್ನಿ.