ತೋಟ ಅಡ ಇಟ್ಟು ಮಗಳನ್ನು ಓದಿಸಬೇಕಾ?

ದೊಡ್ಡವಳು ಸೆಕೆಂಡ್ ಪಿಯುಸಿ, ಇಂಜಿನಿಯರಿಂಗ್ ಸೇರಿಸಬೇಕು. ಚಿಕ್ಕವಳಿಗೆ ಎಂಟು ವರ್ಷ. ಇರೋದು ಎರಡು ಎಕರೆ ಅಡಿಕೆ, ಉಳಿತಾಯ ಏನೂ ಇಲ್ಲ, ತೋಟ ಅಡ ಇಡೋದಾ ಅಂತ ಕೇಳಿದ್ದೀರಿ. ಬೇಡ. ನಾನು ಹೊಸನಗರ ಕಡೆಯವನು, ನನ್ನದೂ ಹೆಚ್ಚುಕಮ್ಮಿ ಅಷ್ಟೇ ತೋಟ. ಮಗಳ ಬಿಇ ಮುಗಿದು ಎರಡು ವರ್ಷವಾಯಿತು, ತೋಟ ಹಾಗೇ ಇದೆ. ಆದರೆ ಮೊದಲ ಎರಡು ವರ್ಷ ನಾನು ಮಾಡಿದ್ದೆಲ್ಲ ತಪ್ಪೇ. ಅದನ್ನೇ ಮೊದಲು ಹೇಳುತ್ತೇನೆ.

ನಮ್ಮ ಕಡೆ ದುಡ್ಡು ಇಲ್ಲ ಅನ್ನುವುದಕ್ಕಿಂತ ಬೇಕಾದಾಗ ಇರುವುದಿಲ್ಲ, ಅಲ್ವಾ? ಸಿಇಟಿ ಸೀಟು ಸಿಕ್ಕಿ ಫೀಸು ಕಟ್ಟಿ ಅನ್ನುವುದು ಜಡಿಮಳೆಯ ಹೊತ್ತಿಗೆ. ಅಡಿಕೆಕಾಯಿ ಉದುರಿಸುವ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವುದಕ್ಕೂ ಆಗಲೇ ದುಡ್ಡು ಬೇಕು. ಅಡಿಕೆ ಗೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ ಮಂಡಿಗೆ ಹಾಕಿ ಕೈಗೆ ಕಾಸು ಬರುವಾಗ ಸಂಕ್ರಾಂತಿ ಕಳೆದಿರುತ್ತದೆ.

ಹಾಗಾಗಿ ಮೊದಲ ವರ್ಷ ಫಸಲನ್ನು ಚೇಣಿಗೆ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ ಕೊಟ್ಟು ಮುಂಗಡ ತಗೊಂಡೆ. ಆಷಾಢದಲ್ಲಿ ಬಾಗಿಲಿಗೆ ಹೋದವನ ಮುಖ ನೋಡಿದರೇ ಚೇಣಿಯವರಿಗೆ ಗೊತ್ತಾಗುತ್ತದೆ, ಇವನಿಗೆ ಅರ್ಜೆಂಟಿದೆ ಅಂತ. ಅವರು ಹೇಳಿದ್ದೇ ರೇಟು. ಸುಗ್ಗಿಯ ಹೊತ್ತಿಗೆ ಧಾರಣೆ ಏರಿತು, ಲಾಭ ಅವರಿಗೆ ಹೋಯಿತು. ಎರಡನೇ ವರ್ಷ ಸೊಸೈಟಿಯ ಬೆಳೆಸಾಲವನ್ನೇ ಫೀಸಿಗೆ ಕಟ್ಟಿದೆ. ಬಡ್ಡಿ ಇಲ್ಲವಲ್ಲ ಅನ್ನುವ ಧೈರ್ಯ. ಈಗ 5 ಲಕ್ಷದವರೆಗೂ ಬಡ್ಡಿ ಇಲ್ಲ, ನಿಜ. ಆದರೆ ವಾಯಿದೆಯೊಳಗೆ ಕಟ್ಟಿದರೆ ಮಾತ್ರ. ಆ ವರ್ಷ ಕೊಳೆ ಬಂದು ಅರ್ಧ ಫಸಲು ಉದುರಿತು. ವಾಯಿದೆ ತಪ್ಪಿತು, ಬಡ್ಡಿ ಬಿತ್ತು, ಮುಂದಿನ ಮಳೆಗಾಲದ ಔಷಧಿಗೂ ಕೈಸಾಲ ಮಾಡಬೇಕಾಯಿತು.

ಮೂರನೇ ವರ್ಷ ಶಿಕ್ಷಣ ಸಾಲಕ್ಕೆ ಹೋದೆ. ಮೊದಲೇ ಹೋಗಬೇಕಿತ್ತು. 4 ಲಕ್ಷದವರೆಗೆ ಆಸ್ತಿ ಅಡ ಬೇಡ, ಜಾಮೀನುದಾರರೂ ಬೇಡ. ಮಗಳ ಜೊತೆ ಅಪ್ಪ ಅಥವಾ ಅಮ್ಮ ಸಹಿ ಹಾಕಿದರೆ ಸಾಕು. 7.5 ಲಕ್ಷದವರೆಗಿನ ಸಾಲಕ್ಕೂ ಸರ್ಕಾರದ ಖಾತರಿ ಯೋಜನೆ ಇದೆ, ಅದರಡಿ ಕೊಟ್ಟರೆ ತೋಟದ ಪತ್ರ ಕೇಳುವಂತಿಲ್ಲ. ಕಂತು ಶುರುವಾಗುವುದು ಕೋರ್ಸ್ ಮುಗಿದು ಒಂದು ವರ್ಷಕ್ಕೆ, ತೀರಿಸಲು 15 ವರ್ಷದವರೆಗೆ ಸಮಯ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತದೆ. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ ಓದುವಷ್ಟು ದಿನದ ಬಡ್ಡಿ ಕೇಂದ್ರ ಸರ್ಕಾರ ಕೊಡುತ್ತದೆ. ಅದು ತಾನಾಗಿ ಬರುವುದಿಲ್ಲ. ಆದಾಯ ಪ್ರಮಾಣಪತ್ರ ಕೊಟ್ಟು, ಬಡ್ಡಿ ಸಹಾಯಧನಕ್ಕೆ ನನ್ನ ಹೆಸರು ಸೇರಿಸಿ ಅಂತ ಬಾಯಿಬಿಟ್ಟು ಕೇಳಿ.

ನನಗೆ ಬ್ಯಾಂಕಿನಲ್ಲಿ ಎಲ್‌ಐಸಿ ಬಾಂಡ್ ತನ್ನಿ ಅಂದರು. ನಾನು ಕೇಳಿದ್ದು ಎರಡೇ ಲಕ್ಷ! ಬ್ಯಾಂಕಿನಲ್ಲಿದ್ದು ರಿಟೈರ್ ಆದ ನಮ್ಮ ಭಾವ, ಕೊಡಲ್ಲ ಅಂತ ಬರೆದುಕೊಡಿ ಅನ್ನು ಅಂದರು. ಹಾಗೇ ಅಂದೆ. ಹತ್ತು ದಿನದಲ್ಲಿ ಸಾಲ ಮಂಜೂರಾಯಿತು.

ಸಾಲಕ್ಕಿಂತ ಮುಂಚೆ ಫೀಸೇ ಕಡಿಮೆಯಾಗುವ ದಾರಿ ನೋಡಿ. ಸಿಇಟಿ ಅರ್ಜಿಯಲ್ಲಿ ಎಸ್‌ಎನ್‌ಕ್ಯೂ ಅಂತ ಇರುತ್ತದೆ, ಆದಾಯ ಕಡಿಮೆ ಇರುವವರಿಗೆ ಇಟ್ಟ ಹೆಚ್ಚುವರಿ ಸೀಟು. ಆದಾಯ 8 ಲಕ್ಷದೊಳಗಿದ್ದರೆ ಅದನ್ನು ಬಿಡಬೇಡಿ, ಆ ಸೀಟಿಗೆ ಬೋಧನಾ ಶುಲ್ಕ ಇಲ್ಲ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲು, ಕನ್ನಡದಲ್ಲೇ ಓದಿದ್ದರೆ ಕನ್ನಡ ಮಾಧ್ಯಮದ್ದು. ಶಾಲೆಯಿಂದ ಬೇಕಾದ ಪತ್ರ ಈಗಲೇ ಮಾಡಿಸಿಡಿ. ಇನ್ನು ಮಗಳು ಬೆಂಗಳೂರೇ ಬೇಕು ಅಂತ ಹಟ ಮಾಡಿದರೆ ಪಿಜಿ ಬಾಡಿಗೆಯನ್ನೂ ಲೆಕ್ಕ ಹಾಕಿ ತೋರಿಸಿ. ಶಿವಮೊಗ್ಗದಲ್ಲೇ ಜೆಎನ್‌ಎನ್‌ಸಿಇ ಇಂಜಿನಿಯರಿಂಗ್ ಕಾಲೇಜು ಇದೆ, ಶನಿವಾರ ಬಸ್ಸು ಹತ್ತಿದರೆ ಮನೆ ಊಟ.

ರೈತರ ಮಕ್ಕಳಿಗೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ, ರೈತ ವಿದ್ಯಾನಿಧಿ, 2021ರಲ್ಲಿ ಶುರುವಾಯಿತು. ನನ್ನ ಮಗಳು ಓದುವಾಗ ಬಿಇ ಹೆಣ್ಣುಮಕ್ಕಳಿಗೆ ವರ್ಷಕ್ಕೆ 11,000, ಗಂಡುಮಕ್ಕಳಿಗೆ 10,000 ಕೊಡುತ್ತಿದ್ದರು, ಈಗ ಇದೆಯಾ ಅಂತ ವಿಚಾರಿಸಿ. ದೊಡ್ಡ ಮೊತ್ತವಲ್ಲ, ಆದರೆ ಪುಸ್ತಕ, ಬಸ್ ಪಾಸಿಗೆ ಆಯಿತು. ಇದಕ್ಕೆ ಎಫ್‌ಐಡಿ, ಅಂದರೆ ಪಹಣಿ ನೋಡಿ ಕೊಡುವ ರೈತರ ಗುರುತಿನ ನಂಬರ್ ಬೇಕಿತ್ತು. ನಮ್ಮ ಪಹಣಿ ತೀರಿಹೋದ ಅಪ್ಪನ ಹೆಸರಲ್ಲೇ ಇತ್ತು. ನಾವು ಅಣ್ಣತಮ್ಮಂದಿರು ಕೂತು ಮಾತಾಡಿ ಪೌತಿ ಖಾತೆ ಮಾಡಿಸಿ ಜಮೀನು ನಮ್ಮ ಹೆಸರಿಗೆ ಬರುವಷ್ಟರಲ್ಲಿ ಒಂದು ವರ್ಷದ್ದು ತಪ್ಪಿಹೋಯಿತು. ನಿಮ್ಮ ಪಹಣಿ ಯಾರ ಹೆಸರಲ್ಲಿದೆ ಅಂತ ನಾಳೆಯೇ ತೆಗೆಸಿ ನೋಡಿ.

ಚಿಕ್ಕವಳ ವಿಷಯದಲ್ಲಿ ನಿಮಗೆ ಇನ್ನೂ ಟೈಮಿದೆ. ಹತ್ತು ತುಂಬುವ ಮೊದಲು ಪೋಸ್ಟಾಫೀಸಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ಮಾಡಿಸಿ. ನಮ್ಮಂಥವರಿಗೆ ಅದರಲ್ಲಿ ಇಷ್ಟವಾಗುವುದು ಒಂದೇ, ತಿಂಗಳು ತಿಂಗಳು ಕಟ್ಟಲೇಬೇಕು ಅಂತಿಲ್ಲ. ವರ್ಷಕ್ಕೆ ಕನಿಷ್ಠ 250 ರೂಪಾಯಿ, ಹೆಚ್ಚೆಂದರೆ 1.5 ಲಕ್ಷ. ಅಡಿಕೆ ದುಡ್ಡು ಬಂದ ಮೇಲೆ, ಮಾರ್ಚ್ 31ರೊಳಗೆ ಒಂದೇ ಸಲ ಹಾಕಬಹುದು. ಹದಿನೆಂಟು ತುಂಬಿದ ಮೇಲೆ, ಇಲ್ಲವೇ ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ, ಹಿಂದಿನ ವರ್ಷದ ಕೊನೆಗೆ ಇದ್ದ ಮೊತ್ತದಲ್ಲಿ ಅರ್ಧದವರೆಗೆ ಕಾಲೇಜು ಫೀಸಿಗೆ ತೆಗೆಯಬಹುದು. ಆಗ ಮಳೆಗಾಲದಲ್ಲಿ ಯಾರ ಬಾಗಿಲಿಗೂ ಹೋಗಬೇಕಿಲ್ಲ.